ಒಬ್ಬ ವಿಜ್ಞಾನಿ, ಎರಡು ಲೆಕ್ಕ: ಪಳೆಯುಳಿಕೆ ಮತ್ತು ಪರಿಸರ ಸಂಶೋಧನೆಯಲ್ಲಿ ಉಲ್ಲೇಖಗಳು ಹೇಳುವುದೇನು?

ಗೂಗಲ್ ಸ್ಕಾಲರ್‌ನಲ್ಲಿ ವಿಜ್ಞಾನಿಯೊಬ್ಬರ ಪುಟ ತೆರೆದರೆ ಪಕ್ಕದಲ್ಲೇ ಒಂದು ಚಿಕ್ಕ ಕೋಷ್ಟಕ ಕಾಣುತ್ತದೆ. ಇವರ ಪ್ರಬಂಧಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ, ಆ ಉಲ್ಲೇಖಗಳಿಂದಲೇ ಲೆಕ್ಕ ಹಾಕುವ ಎಚ್-ಇಂಡೆಕ್ಸ್ ಎಂಬ ಅಂಕಿ ಎಷ್ಟು, ಅಷ್ಟೇ. ಕೆಲಸಕ್ಕೆ ಬಂದ ಅರ್ಜಿಗಳನ್ನು ಸೋಸುವಾಗ, ಬಡ್ತಿ ಕೊಡುವಾಗ, ಸಂಶೋಧನೆಗೆ ಹಣ ಹಂಚುವಾಗ ಸಮಿತಿಯವರ ಕಣ್ಣು ಎಷ್ಟೋ ಸಲ ಮೊದಲು ಹೋಗುವುದು ಅಲ್ಲಿಗೇ. ಪ್ರಬಂಧಗಳನ್ನು ಓದಿ ತೂಗಲು ದಿನಗಟ್ಟಲೆ ಬೇಕು. ಈ ಅಂಕಿ ನೋಡಲು ಒಂದು ನೋಟ ಸಾಕು.

ಈ ಅಂಕಿ ಸುಳ್ಳಲ್ಲ. ಆದರೆ ಅದು ವಿಜ್ಞಾನಿಯ ಯೋಗ್ಯತೆಯನ್ನು ಅಳೆಯುತ್ತದೆ ಎಂದು ನಾವು ನಂಬಿಕೊಂಡಿದ್ದೇವಲ್ಲ, ಅದು ಸರಿಯಲ್ಲ. ಬಹಳಷ್ಟು ಮಟ್ಟಿಗೆ ಅದು ಅಳೆಯುವುದು ಆ ವಿಷಯವನ್ನು ಓದುವವರು ಎಷ್ಟು ಜನ, ಅವರು ಎಷ್ಟು ಬೇಗ ಬರೆಯುತ್ತಾರೆ, ಮತ್ತು ಪ್ರಬಂಧ ಯಾವ ಬಗೆಯದು ಎಂಬುದನ್ನು. ಪಳೆಯುಳಿಕೆ ವಿಜ್ಞಾನ ಮತ್ತು ಪರಿಸರ ವಿಜ್ಞಾನ, ಈ ಎರಡರಲ್ಲೂ ಕೆಲಸ ಮಾಡಿದವರ ಪ್ರಬಂಧಗಳನ್ನು ಅಕ್ಕಪಕ್ಕ ಇಟ್ಟರೆ ಇದು ಎದ್ದು ಕಾಣುತ್ತದೆ. ಅಲ್ಲಿ ಮನುಷ್ಯ ಬದಲಾಗಿರುವುದಿಲ್ಲ. ಓದುಗರು ಬದಲಾಗಿರುತ್ತಾರೆ.

ಒಬ್ಬರ ಎರಡು ಪ್ರಬಂಧಗಳು

ಜೆರೆಮಿ ಜಾಕ್ಸನ್ ಅಂಥವರಲ್ಲಿ ಒಬ್ಬರು. ಪನಾಮದಲ್ಲಿರುವ ಸ್ಮಿತ್‌ಸೋನಿಯನ್ ಸಂಶೋಧನಾ ಸಂಸ್ಥೆಯಲ್ಲೂ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರ ಸಂಸ್ಥೆಯಲ್ಲೂ ಕೆಲಸ ಮಾಡಿದವರು. 1990ರಲ್ಲಿ ಅವರು ಅಲನ್ ಚೀಥಮ್ ಜೊತೆಗೂಡಿ 'ಸೈನ್ಸ್' ಪತ್ರಿಕೆಯಲ್ಲಿ ಬ್ರಯೋಜೋವಾಗಳ ಬಗ್ಗೆ ಒಂದು ಪ್ರಬಂಧ ಬರೆದರು. ಬ್ರಯೋಜೋವಾ ಅಂದರೆ ಸಮುದ್ರದ ಬಂಡೆ, ಚಿಪ್ಪುಗಳ ಮೇಲೆ ಗುಂಪುಗುಂಪಾಗಿ ಅಂಟಿಕೊಂಡು ಬೆಳೆಯುವ ಪುಟ್ಟ ಜೀವಿಗಳು. ಅವುಗಳ ಗಟ್ಟಿ ಗೂಡು ಪಳೆಯುಳಿಕೆಯಾಗಿ ಚೆನ್ನಾಗಿ ಉಳಿಯುತ್ತದೆ.

ಅವರ ಪ್ರಶ್ನೆ ಬಹಳ ಮೂಲದ್ದು. ಪಳೆಯುಳಿಕೆ ವಿಜ್ಞಾನಿಗಳು ಗೂಡಿನ ಆಕಾರ ನೋಡಿ 'ಇದು ಬೇರೆ ಪ್ರಭೇದ' ಎನ್ನುತ್ತಾರೆ. ಅದು ನಿಜವಾಗಿಯೂ ಬೇರೆಯೇ? ಕಲ್ಲಾದ ಜೀವಿಯ ಜೀನ್ ಪರೀಕ್ಷೆ ಮಾಡಲು ಆಗುವುದಿಲ್ಲ. ಹಾಗಾಗಿ ಈಗ ಬದುಕಿರುವ ಬ್ರಯೋಜೋವಾಗಳನ್ನು ತೆಗೆದುಕೊಂಡರು. ಆಕಾರದ ಮೇಲೆ ಮಾಡಿದ ವಿಂಗಡಣೆ ಮತ್ತು ಜೀನ್ ಹೇಳುವ ವಿಂಗಡಣೆ ಹೊಂದುತ್ತದೆಯೇ ಎಂದು ನೋಡಿದರು. ಹೊಂದಿತು. ಅಂದರೆ ಪಳೆಯುಳಿಕೆಗಳಲ್ಲಿ ಆಕಾರ ನೋಡಿ ಪ್ರಭೇದ ಗುರುತಿಸುವುದಕ್ಕೆ ಒಂದು ಭದ್ರ ಆಧಾರ ಸಿಕ್ಕಿತು. ಪ್ರಭೇದಗಳು ಲಕ್ಷಾಂತರ ವರ್ಷ ಹೆಚ್ಚು ಬದಲಾಗದೆ ಇದ್ದು, ಹೊಸವು ಥಟ್ಟನೆ ಕಾಣಿಸಿಕೊಳ್ಳುತ್ತವೆ ಎಂದು 1972ರಲ್ಲಿ ನೈಲ್ಸ್ ಎಲ್ಡ್ರೆಜ್ ಮತ್ತು ಸ್ಟೀಫನ್ ಜೇ ಗೌಲ್ಡ್ ಮುಂದಿಟ್ಟ ವಾದವನ್ನು ಪರೀಕ್ಷಿಸಲು ಇದೇ ಬೇಕಾಗಿತ್ತು.

ಇನ್ನೊಂದು 2001ರದ್ದು. ಅದೇ ಜಾಕ್ಸನ್, ಅದೇ 'ಸೈನ್ಸ್' ಪತ್ರಿಕೆ, ಈ ಸಲ ಒಟ್ಟು 19 ಲೇಖಕರು. ವಿಷಯ: ಮಿತಿಮೀರಿದ ಮೀನುಗಾರಿಕೆಯಿಂದ ಕರಾವಳಿಯ ಸಮುದ್ರಜೀವನ ಕುಸಿದ ಚರಿತ್ರೆ. ಮಾಲಿನ್ಯ, ಹವಾಮಾನ ಬದಲಾವಣೆ ಇವೆಲ್ಲ ಕಾಟ ಕೊಡುವುದಕ್ಕೆ ಎಷ್ಟೋ ಮೊದಲೇ ಮನುಷ್ಯರು ಸಮುದ್ರದ ದೊಡ್ಡ ಪ್ರಾಣಿಗಳನ್ನು, ಸಿಂಪಿಗಳನ್ನು ಬರಿದು ಮಾಡಿದ್ದರು ಎಂಬುದು ಅವರ ವಾದ. ಅಮೆರಿಕದ ಚೆಸಪೀಕ್ ಕೊಲ್ಲಿಯ ಉದಾಹರಣೆ ಅದರಲ್ಲಿದೆ. ಒಂದು ಕಾಲಕ್ಕೆ ಅಲ್ಲಿ ಸಿಂಪಿಗಳ ದೊಡ್ಡ ದೊಡ್ಡ ದಿಬ್ಬಗಳಿದ್ದವು. ಸಿಂಪಿಗಳು ನೀರನ್ನು ಸೋಸಿ ತಿಳಿಯಾಗಿಡುತ್ತಿದ್ದವು. 1870ರ ದಶಕದಲ್ಲಿ ಯಂತ್ರದಿಂದ ಬಾಚಿ ತೆಗೆಯುವುದು ಶುರುವಾಯಿತು. ನೀರಿನ ತಳದಲ್ಲಿ ಆಮ್ಲಜನಕ ಇಲ್ಲದ ಸ್ಥಿತಿ ವ್ಯಾಪಕವಾದದ್ದು 1930ರ ದಶಕದಲ್ಲಿ. ಈ ಹಿಂದುಮುಂದು ಗೊತ್ತಾದದ್ದು ಕೊಲ್ಲಿಯ ತಳದ ಕೆಸರಿನಲ್ಲಿ ಪದರ ಪದರವಾಗಿ ಉಳಿದ ಸೂಕ್ಷ್ಮ ಪುರಾವೆಗಳಿಂದ.

2001ರ ಪ್ರಬಂಧವನ್ನು ಸಾವಿರಾರು ಪ್ರಬಂಧಗಳು ಉಲ್ಲೇಖಿಸಿವೆ. ಬ್ರಯೋಜೋವಾ ಪ್ರಬಂಧ ಅದರ ಹತ್ತಿರಕ್ಕೂ ಬರುವುದಿಲ್ಲ. ಮೀನುಗಾರಿಕೆ, ಸಂರಕ್ಷಣೆ, ಹವಳದ ದಿಬ್ಬ, ಸರ್ಕಾರಿ ನೀತಿ, ಇಷ್ಟೂ ಕ್ಷೇತ್ರದವರಿಗೆ 2001ರದ್ದು ಬೇಕು. ಬ್ರಯೋಜೋವಾ ಪ್ರಬಂಧ ಬೇಕಾಗುವುದು ವಿಕಾಸದ ವೇಗದ ಬಗ್ಗೆ ತಲೆಕೆಡಿಸಿಕೊಂಡವರಿಗೆ. ಯಾವುದು ಒಳ್ಳೆಯ ವಿಜ್ಞಾನ ಎಂದು ಕೇಳಿದರೆ ನಾನು ಎರಡನ್ನೂ ಒಂದೇ ಸಾಲಿನಲ್ಲಿ ಇಡುತ್ತೇನೆ. ಲೆಕ್ಕದ ಯಂತ್ರ ಹಾಗೆ ಇಡುವುದಿಲ್ಲ.

ಲೆಕ್ಕ ಹೇಗೆ ನಡೆಯುತ್ತದೆ

ಎಚ್-ಇಂಡೆಕ್ಸ್ ಕಂಡುಹಿಡಿದವರು ಜಾರ್ಜ್ ಹರ್ಷ್ ಎಂಬ ಭೌತವಿಜ್ಞಾನಿ, 2005ರಲ್ಲಿ. ಲೆಕ್ಕ ಸುಲಭ. ನಿಮ್ಮ 20 ಪ್ರಬಂಧಗಳಿಗೆ ತಲಾ ಕನಿಷ್ಠ 20 ಉಲ್ಲೇಖ ಬಂದಿದ್ದು, 21 ಪ್ರಬಂಧಗಳಿಗೆ ತಲಾ 21 ಬಂದಿಲ್ಲದಿದ್ದರೆ ನಿಮ್ಮ ಎಚ್-ಇಂಡೆಕ್ಸ್ 20. ಸುಮ್ನೆ ಒಂದು ಕಲ್ಪಿತ ಉದಾಹರಣೆ ನೋಡೋಣ. ಒಬ್ಬರು ಜೀವಮಾನದಲ್ಲಿ ಮೂರೇ ಪ್ರಬಂಧ ಬರೆದಿದ್ದಾರೆ, ಪ್ರತಿಯೊಂದಕ್ಕೂ 2,000 ಉಲ್ಲೇಖ. ಅವರ ಎಚ್-ಇಂಡೆಕ್ಸ್ 3. ಇನ್ನೊಬ್ಬರು 15 ಸಾಧಾರಣ ಪ್ರಬಂಧ ಬರೆದಿದ್ದಾರೆ, ಒಂದೊಂದಕ್ಕೆ 15 ಉಲ್ಲೇಖ. ಅವರದು 15. ಒಂದೆರಡು ಪ್ರಸಿದ್ಧ ಪ್ರಬಂಧಗಳಿಂದ ಲೆಕ್ಕ ಉಬ್ಬದಿರಲಿ ಎಂದು ಹರ್ಷ್ ಹೀಗೆ ಮಾಡಿದ್ದು. ಆ ಉದ್ದೇಶ ಅರ್ಥವಾಗುತ್ತದೆ. ಆದರೆ ಹತ್ತು ವರ್ಷ ಒಂದೇ ಕೆಲಸದಲ್ಲಿ ಮುಳುಗಿ ಒಂದು ದೊಡ್ಡ ಗ್ರಂಥ ಬರೆಯುವವರಿಗೆ ಅದರಿಂದಲೇ ಏಟು ಬೀಳುತ್ತದೆ. ಪಳೆಯುಳಿಕೆ ವಿಜ್ಞಾನದಲ್ಲಿ ಅಂಥವರು ಜಾಸ್ತಿ.

ಈ ಅಂಕಿ ಯಾವತ್ತೂ ಇಳಿಯುವುದಿಲ್ಲ ಎಂಬುದನ್ನೂ ಗಮನಿಸಬೇಕು. ಸಂಶೋಧನೆ ನಿಲ್ಲಿಸಿದರೂ ಏರುತ್ತದೆ, ಸತ್ತ ಮೇಲೂ ಏರುತ್ತದೆ. ಜೀವವಿಜ್ಞಾನಿಗಳ ಎಚ್-ಇಂಡೆಕ್ಸ್ ಭೌತವಿಜ್ಞಾನಿಗಳದ್ದಕ್ಕಿಂತ ಹೆಚ್ಚಿರುತ್ತದೆ ಎಂದು ಹರ್ಷ್ ಆ ಮೊದಲ ಪ್ರಬಂಧದಲ್ಲೇ ಹೇಳಿದ್ದರು. ಅಂದರೆ ಬೇರೆ ಬೇರೆ ಕ್ಷೇತ್ರದವರನ್ನು ಒಂದೇ ಅಂಕಿಯಿಂದ ಹೋಲಿಸಬಾರದು ಎಂಬ ಸೂಚನೆ ಹುಟ್ಟುವಾಗಲೇ ಜೊತೆಗಿತ್ತು. ಬಳಸುವವರು ಅಂಕಿಯನ್ನು ಇಟ್ಟುಕೊಂಡು ಸೂಚನೆಯನ್ನು ಬಿಟ್ಟರು.

ಜರ್ನಲ್‌ಗಳನ್ನು ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ಇದಕ್ಕಿಂತ ಹಳೆಯದು. ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಉಲ್ಲೇಖಗಳ ಸೂಚಿಯ ಕಲ್ಪನೆ ಮುಂದಿಟ್ಟರು, 1964ರಲ್ಲಿ ಅದು ಪ್ರಕಟಣೆಯಾಗಿ ಹೊರಬಂತು. ಒಂದು ಜರ್ನಲ್ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಪ್ರಬಂಧಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಬಂತು ಎಂಬುದೇ ಇಂಪ್ಯಾಕ್ಟ್ ಫ್ಯಾಕ್ಟರ್. ಇಲ್ಲಿ ಎರಡು ವರ್ಷ ಅನ್ನುವುದೇ ಎಲ್ಲ ತೊಂದರೆಯ ಬೇರು.

ಪಳೆಯುಳಿಕೆಯ ಕೆಲಸ ಹೇಗಿರುತ್ತದೆ ನೋಡಿ. ಒಂದು ತಲೆಬುರುಡೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಅದನ್ನು ಸುತ್ತಲಿನ ಕಲ್ಲಿನ ಸಮೇತ ಪ್ಲಾಸ್ಟರ್ ಸುತ್ತಿ ಎತ್ತಬೇಕು. ಪ್ರಯೋಗಾಲಯದಲ್ಲಿ ಸೂಜಿಯಂಥ ಉಪಕರಣಗಳಿಂದ ಕಲ್ಲನ್ನು ಚೂರು ಚೂರಾಗಿ ಬಿಡಿಸಬೇಕು. ದೊಡ್ಡ ಮಾದರಿಯಾದರೆ ವರ್ಷಗಳೇ ಹಿಡಿಯುತ್ತವೆ. ಸಿಟಿ ಸ್ಕ್ಯಾನ್ ಮಾಡಿಸಬೇಕು. ಬೇರೆ ಬೇರೆ ಮ್ಯೂಸಿಯಂಗಳಲ್ಲಿರುವ ಹೋಲುವ ಮಾದರಿಗಳನ್ನು ಹೋಗಿ ನೋಡಬೇಕು. ಆಮೇಲೆ ಪ್ರಬಂಧ. ಅದಕ್ಕೆ ಉತ್ತರ ಬರೆಯಬೇಕಾದರೆ ಇನ್ನೊಬ್ಬರಿಗೆ ಇನ್ನೊಂದು ಮಾದರಿ ಸಿಗಬೇಕು. ಎರಡು ವರ್ಷದಲ್ಲಿ ಇದೆಲ್ಲ ಆಗುವ ಮಾತೇ?

ಆದರೆ ಆ ಪ್ರಬಂಧಕ್ಕೆ ಆಯುಸ್ಸು ಹೆಚ್ಚು. ರಿಚರ್ಡ್ ಓವನ್ ಡೈನೋಸಾರ್‌ಗಳ ಗುಂಪಿಗೆ ಹೆಸರಿಟ್ಟದ್ದು 1842ರಲ್ಲಿ. ಡೈನೋಸಾರ್‌ಗಳ ವರ್ಗೀಕರಣದ ಬಗ್ಗೆ ಬರೆಯುವವರು ಇವತ್ತಿಗೂ ಅಲ್ಲಿಗೆ ಹೋಗುತ್ತಾರೆ. 19ನೇ ಶತಮಾನದಲ್ಲಿ ಯಾರೋ ಒಬ್ಬ ಚಿಪ್ಪಿನ ಚಿತ್ರ ಬರೆದು ವಿವರಿಸಿದ ಪುಟ, ಅದೇ ಚಿಪ್ಪು ಮತ್ತೆ ಸಿಕ್ಕಾಗ ಇವತ್ತು ಬೇಕಾಗುತ್ತದೆ. ಎರಡು ವರ್ಷದ ಕಿಟಕಿಯಲ್ಲಿ ಇದು ಕಾಣುವುದೇ ಇಲ್ಲ.

ಪರಿಸರ ವಿಜ್ಞಾನದಲ್ಲಿ ಜನ ಹೆಚ್ಚು, ಜರ್ನಲ್‌ಗಳು ಹೆಚ್ಚು, ಹವಾಮಾನ ಮತ್ತು ಅಳಿವಿನ ಆತಂಕದಿಂದಾಗಿ ಹಣವೂ ಹೆಚ್ಚು. ಹಾಗಾಗಿ ಉಲ್ಲೇಖಗಳೂ ಬೇಗ ಬರುತ್ತವೆ. ಕ್ಲಾರಿವೇಟ್ ಕಂಪನಿ ಪ್ರತಿ ವರ್ಷ ಬಿಡುಗಡೆ ಮಾಡುವ ಅತಿ ಹೆಚ್ಚು ಉಲ್ಲೇಖಿತ ವಿಜ್ಞಾನಿಗಳ ಪಟ್ಟಿಯಲ್ಲಿ ಪರಿಸರ ವಿಜ್ಞಾನಕ್ಕೆ ತನ್ನದೇ ವಿಭಾಗ ಇದೆ. ಪಳೆಯುಳಿಕೆ ವಿಜ್ಞಾನಕ್ಕೆ ಇಲ್ಲ. ಅದರ ಜರ್ನಲ್‌ಗಳು ಹೆಚ್ಚಾಗಿ ಭೂವಿಜ್ಞಾನದ ಗುಂಪಿನಲ್ಲಿ ಸೇರಿಕೊಂಡಿವೆ. ಭೂಕಂಪ, ಹವಾಮಾನ ಮಾದರಿಗಳ ಮೇಲೆ ಕೆಲಸ ಮಾಡುವವರ ಜೊತೆ ಟ್ರೈಲೊಬೈಟ್ ಎಂಬ ಅಳಿದುಹೋದ ಸಮುದ್ರಜೀವಿಗಳ ತಜ್ಞರು ಪೈಪೋಟಿ ಮಾಡಬೇಕು.

ಯಾವ ಪ್ರಬಂಧಕ್ಕೆ ಉಲ್ಲೇಖ ಸುರಿಯುತ್ತದೆ

ಪಳೆಯುಳಿಕೆ ವಿಜ್ಞಾನದ ಜರ್ನಲ್‌ಗಳಲ್ಲಿ ಬಂದ ಪ್ರಬಂಧಗಳ ಪೈಕಿ ಉಲ್ಲೇಖದಲ್ಲಿ ದೈತ್ಯ ಎನಿಸಿಕೊಂಡದ್ದು ಯಾವುದು ಗೊತ್ತೇ? ಅದರಲ್ಲಿ ಡೈನೋಸಾರ್ ಇಲ್ಲ, ಅಳಿವಿನ ಸಿದ್ಧಾಂತವೂ ಇಲ್ಲ. ಅದು ಒಂದು ಸಾಫ್ಟ್‌ವೇರ್‌ನ ಪರಿಚಯ. ಹೆಸರು ಪಾಸ್ಟ್. 2001ರಲ್ಲಿ ಓಯ್ವಿಂಡ್ ಹ್ಯಾಮರ್, ಡೇವಿಡ್ ಹಾರ್ಪರ್ ಮತ್ತು ಪಾಲ್ ರಯಾನ್ ಇದನ್ನು 'ಪೇಲಿಯಂಟೊಲಾಜಿಯಾ ಎಲೆಕ್ಟ್ರಾನಿಕಾ' ಎಂಬ, ಆನ್‌ಲೈನ್‌ನಲ್ಲಿ ಮಾತ್ರ ಬರುವ ಜರ್ನಲ್‌ನಲ್ಲಿ ಪರಿಚಯಿಸಿದರು. ಪಳೆಯುಳಿಕೆ ಓದುವ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರದ ಲೆಕ್ಕ ಮಾಡಲು ಒಂದು ಉಚಿತ, ಸರಳ ಸಾಧನ ಇರಲಿ ಎಂಬುದು ಅವರ ಆಸೆಯಾಗಿತ್ತು. ಕೋಡ್ ಬರೆಯಬೇಕಿಲ್ಲ, ಅಂಕಿಗಳನ್ನು ಕೋಷ್ಟಕದಲ್ಲಿ ಹಾಕಿ ಮೆನುವಿನಿಂದ ಆರಿಸಿದರೆ ಸಾಕು.

ಅದು ಪಳೆಯುಳಿಕೆ ವಿಜ್ಞಾನದ ಬೇಲಿ ದಾಟಿ ಹೋಯಿತು. ಕೀಟಗಳನ್ನು ಎಣಿಸುವವರು, ಮಣ್ಣಿನ ಬ್ಯಾಕ್ಟೀರಿಯಾ ನೋಡುವವರು, ಪುರಾತತ್ವದವರು ಎಲ್ಲರೂ ಬಳಸಿದರು. ಉಲ್ಲೇಖಗಳು ಹತ್ತು ಸಾವಿರ ದಾಟಿ ಬಹಳ ಕಾಲವಾಯಿತು. ಇದನ್ನು ನಾನು ಸಂತೋಷದಿಂದಲೇ ಹೇಳುತ್ತಿದ್ದೇನೆ. ಉಚಿತವಾಗಿ ಕೊಟ್ಟ ಒಂದು ಒಳ್ಳೆಯ ಸಾಧನಕ್ಕೆ ಸಿಕ್ಕ ಮರ್ಯಾದೆ ಅದು. ಆದರೆ ಆ ಸಾವಿರಾರು ಉಲ್ಲೇಖಗಳನ್ನು ನೋಡಿ 'ಪಳೆಯುಳಿಕೆಗಳ ಬಗ್ಗೆ ಇದೇ ಅತಿ ದೊಡ್ಡ ಸಂಶೋಧನೆ' ಎಂದು ಯಾರೂ ಹೇಳಲಾರರು, ಅಲ್ವಾ?

ಪರಿಸರ ವಿಜ್ಞಾನದಲ್ಲೂ ಇದೇ ಕತೆ. ಒಂದು ಪ್ರಭೇದ ಎಲ್ಲೆಲ್ಲಿ ಬದುಕಬಹುದು ಎಂದು ಊಹಿಸುವ ಮ್ಯಾಕ್ಸೆಂಟ್ ಎಂಬ ವಿಧಾನದ 2006ರ ಪ್ರಬಂಧ, ಜಗತ್ತಿನ ಮಳೆ ಮತ್ತು ಉಷ್ಣಾಂಶದ ನಕ್ಷೆಗಳನ್ನು ಒದಗಿಸಿದ ವರ್ಲ್ಡ್‌ಕ್ಲಿಮ್‌ನ 2005ರ ಪ್ರಬಂಧ, ಇವೆಲ್ಲ ಉಲ್ಲೇಖದ ಪಟ್ಟಿಯ ತುದಿಯಲ್ಲಿವೆ. ಸಾಧನ, ದತ್ತಾಂಶ, ಮತ್ತು ಎಲ್ಲರೂ ಪೀಠಿಕೆಯಲ್ಲಿ ಬಳಸಬಹುದಾದ ಒಂದು ದೊಡ್ಡ ವಾಕ್ಯ, ಈ ಮೂರಕ್ಕೆ ಉಲ್ಲೇಖ ಸುರಿಯುತ್ತದೆ. ಮೂರನೆಯದಕ್ಕೆ ಉದಾಹರಣೆ ನಾರ್ಮನ್ ಮೈಯರ್ಸ್ ಮತ್ತು ಸಂಗಡಿಗರು 2000ದಲ್ಲಿ ಬರೆದ ಜೀವವೈವಿಧ್ಯದ ಹಾಟ್‌ಸ್ಪಾಟ್‌ಗಳ ಪ್ರಬಂಧ. ಭೂಮಿಯ ನೆಲದ ಶೇ 1.4ರಷ್ಟು ಜಾಗದಲ್ಲಿ, 25 ತಾಣಗಳಲ್ಲಿ, ನಾಳಸಸ್ಯ ಪ್ರಭೇದಗಳ ಶೇ 44ರಷ್ಟು ಬೇರೆಲ್ಲೂ ಇಲ್ಲದೆ ಅಲ್ಲಿ ಮಾತ್ರ ಇವೆ ಎಂಬ ಅವರ ಮಾತು ಸಂರಕ್ಷಣೆಯ ಚಿಂತನೆಯನ್ನೇ ಬದಲಿಸಿತು. ಅದು ಆ ಗೌರವಕ್ಕೆ ತಕ್ಕ ಪ್ರಬಂಧವೇ.

ಆದರೆ ಪೀಠಿಕೆಯಲ್ಲಿ ಬಳಸುವ ಉಲ್ಲೇಖಕ್ಕೆ ಒಂದು ರೋಗ ಇದೆ. ಓದದೆಯೇ ಉಲ್ಲೇಖಿಸುವುದು. 'ಐದು ಮಹಾ ಅಳಿವುಗಳು' ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದಕ್ಕೆ ಡೇವಿಡ್ ರಾಪ್ ಮತ್ತು ಜ್ಯಾಕ್ ಸೆಪ್ಕೋಸ್ಕಿ 1982ರಲ್ಲಿ 'ಸೈನ್ಸ್'ನಲ್ಲಿ ಬರೆದ ಪ್ರಬಂಧವನ್ನು ಉಲ್ಲೇಖಿಸುವುದು ವಾಡಿಕೆ. ಆ ಪ್ರಬಂಧದ ಸಾರಾಂಶವನ್ನೇ ತೆರೆದು ನೋಡಿ. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಬೇರೆಯಾಗಿ ನಿಲ್ಲುವ ಅಳಿವುಗಳು ನಾಲ್ಕು ಎಂದು ಅಲ್ಲಿದೆ: ಆರ್ಡೋವಿಶಿಯನ್, ಪರ್ಮಿಯನ್, ಟ್ರಯಾಸಿಕ್ ಮತ್ತು ಕ್ರಿಟೇಶಿಯಸ್ ಯುಗಗಳ ಕೊನೆಯಲ್ಲಿ ಆದವು. ಡಿವೋನಿಯನ್ ಯುಗದ ಐದನೆಯದು ಎದ್ದು ಕಂಡರೂ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ ಎಂದು ಲೇಖಕರೇ ಬರೆದಿದ್ದಾರೆ. ಎಷ್ಟು ಎಚ್ಚರದ ಮಾತು ಅದು! ಉಲ್ಲೇಖಗಳ ಮೂಲಕ ಹರಡುತ್ತಾ ಹರಡುತ್ತಾ ಎಚ್ಚರ ಸವೆದುಹೋಗಿ 'ಐದು' ಮಾತ್ರ ಉಳಿಯಿತು. ಉಲ್ಲೇಖದ ಎಣಿಕೆಯಲ್ಲಿ, ಓದಿ ಬರೆದದ್ದಕ್ಕೂ ಓದದೆ ಬರೆದದ್ದಕ್ಕೂ ಬೆಲೆ ಒಂದೇ.

ಅಡಿಪಾಯ ಹಾಕಿದವರ ಲೆಕ್ಕ ಎಲ್ಲಿ?

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಇಲ್ಲಿ.

ಸೆಪ್ಕೋಸ್ಕಿ ಅವರ ಕೆಲಸವನ್ನೇ ಹತ್ತಿರದಿಂದ ನೋಡೋಣ. ಅವರು ವರ್ಷಗಟ್ಟಲೆ ಗ್ರಂಥಾಲಯದಲ್ಲಿ ಕೂತರು. ಜಗತ್ತಿನ ಪಳೆಯುಳಿಕೆ ತಜ್ಞರು ನೂರಾರು ವರ್ಷಗಳಿಂದ ಬರೆದಿಟ್ಟ ಪ್ರಬಂಧಗಳನ್ನು, ಗ್ರಂಥಗಳನ್ನು ಒಂದೊಂದಾಗಿ ತೆರೆದರು. ಸಮುದ್ರ ಪ್ರಾಣಿಗಳ ಒಂದೊಂದು ಕುಟುಂಬವೂ ಯಾವ ಕಾಲದ ಶಿಲಾಪದರದಲ್ಲಿ ಮೊದಲು ಕಾಣುತ್ತದೆ, ಯಾವುದರಲ್ಲಿ ಕೊನೆಯದಾಗಿ ಕಾಣುತ್ತದೆ ಎಂದು ಬರೆದುಕೊಂಡರು. ಆ ಪಟ್ಟಿ 1982ರಲ್ಲಿ ಬಂತು. ಮುಂದೆ ಕುಟುಂಬದಿಂದ, ಅದಕ್ಕಿಂತ ಚಿಕ್ಕ ಗುಂಪಾದ ಕುಲದ ಮಟ್ಟಕ್ಕೆ ಇಳಿದರು. 1999ರಲ್ಲಿ ಅವರು ತೀರಿಕೊಂಡರು. 30 ಸಾವಿರಕ್ಕೂ ಹೆಚ್ಚು ಕುಲಗಳ ಪಟ್ಟಿ ಅವರ ಸಹೋದ್ಯೋಗಿಗಳ ಕೈಯಿಂದ 2002ರಲ್ಲಿ ಪ್ರಕಟವಾಯಿತು. ಭೂಮಿಯ ಮೇಲಿನ ಜೀವವೈವಿಧ್ಯ ಹೇಗೆ ಏರಿತು, ಹೇಗೆ ಕುಸಿಯಿತು ಎಂಬ ಚಿತ್ರ ನಮಗೆ ಸಿಕ್ಕಿದ್ದು ಬಹುಮಟ್ಟಿಗೆ ಇದರಿಂದ.

ಸೆಪ್ಕೋಸ್ಕಿಗೆ ಉಲ್ಲೇಖಗಳು ಬಂದವು, ಬರಬೇಕಾದದ್ದೇ. ಆದರೆ ಅವರ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಒಬ್ಬ ತಜ್ಞ ಇದ್ದಾನೆ. ಯಾವುದೋ ಬೆಟ್ಟದ ಸುಣ್ಣಕಲ್ಲಿನಿಂದ ಚಿಪ್ಪುಗಳನ್ನು ಬಿಡಿಸಿ, ಚಿತ್ರ ಬರೆದು, ಹೆಸರಿಟ್ಟು, ನೂರು ಜನ ಓದುವ ಜರ್ನಲ್‌ನಲ್ಲಿ ಪ್ರಕಟಿಸಿದವನು. ಆ ಪಟ್ಟಿಯನ್ನು ಬಳಸಿ ಯಾರೋ ವಿಶ್ಲೇಷಣೆ ಮಾಡಿದಾಗ ಉಲ್ಲೇಖ ಹೋಗುವುದು ಪಟ್ಟಿಗೆ. ಅವನ ಹೆಸರು ಅಲ್ಲಿಗೇ ನಿಂತಿತು.

1998ರಲ್ಲಿ ಶುರುವಾದ ಒಂದು ಯೋಜನೆಯಿಂದ ಬೆಳೆದುಬಂದ ಪೇಲಿಯೊಬಯಾಲಜಿ ಡೇಟಾಬೇಸ್ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರಲ್ಲಿರುವ 15 ಲಕ್ಷಕ್ಕೂ ಹೆಚ್ಚು ಪಳೆಯುಳಿಕೆ ದಾಖಲೆಗಳಲ್ಲಿ ಪ್ರತಿಯೊಂದಕ್ಕೂ ಮೂಲ ಪ್ರಬಂಧದ ಕೊಂಡಿ ಇದೆ. ಆದರೆ ಒಂದು ವಿಶ್ಲೇಷಣೆಗೆ ಸಾವಿರಾರು ಮೂಲ ಪ್ರಬಂಧಗಳು ಬೇಕಾದಾಗ ಜರ್ನಲ್‌ನ ಪುಟದಲ್ಲಿ ಅವುಗಳಿಗೆ ಜಾಗ ಇರುವುದಿಲ್ಲ. ಪೂರಕ ಕಡತದಲ್ಲಿ ಹಾಕುತ್ತಾರೆ. ಉಲ್ಲೇಖ ಎಣಿಸುವ ಯಂತ್ರಗಳು ಸಾಮಾನ್ಯವಾಗಿ ಪೂರಕ ಕಡತದ ಒಳಗೆ ಇಣುಕುವುದಿಲ್ಲ. ಅಲ್ಲಿ ಬರೆದದ್ದು ಲೆಕ್ಕಕ್ಕಿಲ್ಲ.

ಪರಿಸರ ವಿಜ್ಞಾನದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಒಂದು ಕಾಡಿನ ಜೇನುನೊಣಗಳ ಬಗ್ಗೆ ಅಧ್ಯಯನ ನಡೆಯುತ್ತದೆ. ಹತ್ತಾರು ಪ್ರಭೇದಗಳ ಹೆಸರು ಅದರಲ್ಲಿ ಬರುತ್ತದೆ. ಪ್ರಾಣಿಗಳ ಹೆಸರಿನ ನಂತರ, ಮೊದಲು ವಿವರಿಸಿದವರ ಹೆಸರು ಮತ್ತು ವರ್ಷ ಬರೆಯುವ ರೂಢಿ ಇದೆ. ಉದಾಹರಣೆಗೆ ಸಾಕುಜೇನಿನ ಹೆಸರಿನ ನಂತರ 'ಲಿನೇಯಸ್, 1758' ಎಂದಿರುತ್ತದೆ. ಆದರೆ ಆ ಮೂಲ ಪ್ರಕಟಣೆಯನ್ನು ಕೊನೆಯ ಗ್ರಂಥಸೂಚಿಯಲ್ಲಿ ಸೇರಿಸುವವರು ಕಡಿಮೆ. ಸೇರಿಸದಿದ್ದರೆ ಅದು ಉಲ್ಲೇಖವೇ ಅಲ್ಲ. ಲಿನೇಯಸ್‌ಗೆ ಇದರಿಂದ ನಷ್ಟವಿಲ್ಲ. ಹತ್ತು ವರ್ಷದ ಹಿಂದೆ ಹೊಸ ಜೇನು ಪ್ರಭೇದವೊಂದನ್ನು ವಿವರಿಸಿ ಈಗ ಕೆಲಸ ಹುಡುಕುತ್ತಿರುವ ತಜ್ಞೆಗೆ ನಷ್ಟವಿದೆ.

2020ರಲ್ಲಿ ಇದೇ ಕೊರತೆ ದೊಡ್ಡ ಗದ್ದಲಕ್ಕೆ ಕಾರಣವಾಯಿತು. 'ಜೂಟ್ಯಾಕ್ಸಾ' ಎಂಬ ಜರ್ನಲ್ ಪ್ರಾಣಿಗಳ ವರ್ಗೀಕರಣಕ್ಕೆ ಮೀಸಲು. ಜಗತ್ತಿನಲ್ಲಿ ವರ್ಷವರ್ಷ ವಿವರಿಸುವ ಹೊಸ ಪ್ರಾಣಿ ಪ್ರಭೇದಗಳ ದೊಡ್ಡ ಪಾಲು ಅದರಲ್ಲೇ ಬರುತ್ತದೆ. ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕ ಹಾಕಿ ಪ್ರಕಟಿಸುವ ಕಂಪನಿಯೂ ಕ್ಲಾರಿವೇಟ್. ಆ ವರ್ಷ ಅದು ಜೂಟ್ಯಾಕ್ಸಾದ ಇಂಪ್ಯಾಕ್ಟ್ ಫ್ಯಾಕ್ಟರ್ ತಡೆಹಿಡಿಯಿತು. ಕಾರಣ, ಆ ಜರ್ನಲ್‌ನಲ್ಲಿ ಬರುವ ಪ್ರಬಂಧಗಳು ಅದೇ ಜರ್ನಲ್‌ನ ಹಳೆಯ ಪ್ರಬಂಧಗಳನ್ನು ಅತಿಯಾಗಿ ಉಲ್ಲೇಖಿಸುತ್ತವೆ ಎಂಬುದು. ಯಂತ್ರದ ಕಣ್ಣಿಗೆ ಅದು ಮೋಸದಂತೆ ಕಂಡಿತು. ಹೊಸ ಪ್ರಭೇದಗಳ ವಿವರಣೆ ಹೆಚ್ಚಾಗಿ ಒಂದೇ ಕಡೆ ಬರುತ್ತಿದ್ದರೆ ಇನ್ನೆಲ್ಲಿಂದ ಉಲ್ಲೇಖಿಸಬೇಕು? ಜಗತ್ತಿನಾದ್ಯಂತ ವರ್ಗೀಕರಣ ತಜ್ಞರು ಪ್ರತಿಭಟಿಸಿದರು. ಸುಮಾರು ಒಂದು ತಿಂಗಳಲ್ಲಿ ಕಂಪನಿ ನಿರ್ಧಾರ ಹಿಂದಕ್ಕೆ ಪಡೆಯಿತು. ಆದರೆ ಆ ಒಂದು ತಿಂಗಳು, ಇಂಪ್ಯಾಕ್ಟ್ ಫ್ಯಾಕ್ಟರ್ ಇರುವ ಜರ್ನಲ್‌ನಲ್ಲಿ ಪ್ರಕಟಿಸಿದರೆ ಮಾತ್ರ ಬಡ್ತಿ ಎಂಬ ನಿಯಮದಡಿ ದುಡಿಯುವ ತಜ್ಞರ ಬದುಕು ಎಷ್ಟು ತೆಳುವಾದ ದಾರದಲ್ಲಿ ನೇತಾಡುತ್ತಿದೆ ಎಂದು ತೋರಿಸಿತು.

ಉಲ್ಲೇಖ ಅಂದರೆ ಹೊಗಳಿಕೆಯಲ್ಲ

2020ರ ಮಾರ್ಚ್‌ನಲ್ಲಿ 'ನೇಚರ್' ಪತ್ರಿಕೆಯ ಮುಖಪುಟದಲ್ಲಿ ಒಂದು ಪುಟ್ಟ ತಲೆಬುರುಡೆ ಬಂತು. ಮ್ಯಾನ್ಮಾರ್‌ನ ಸುಮಾರು 9.9 ಕೋಟಿ ವರ್ಷ ಹಳೆಯ ಅಂಬರ್‌ನಲ್ಲಿ, ಅಂದರೆ ಕಲ್ಲಾದ ಮರದ ಅಂಟಿನಲ್ಲಿ, ಸಿಕ್ಕಿದ್ದು. ಅದಕ್ಕೆ ಓಕ್ಯುಲುಡೆಂಟಾವಿಸ್ ಎಂದು ಹೆಸರಿಟ್ಟು, ಡೈನೋಸಾರ್ ಕಾಲದ ಅತಿ ಚಿಕ್ಕ ಹಕ್ಕಿ ಎಂದು ಸಾರಿದರು. ಸುದ್ದಿ ಜಗತ್ತಿಡೀ ಹರಡಿತು. ಇತರ ತಜ್ಞರು ಹಲ್ಲು, ಕಣ್ಣಿನ ಮೂಳೆ ನೋಡಿ ಇದು ಹಲ್ಲಿಯ ಜಾತಿಯದ್ದು ಎಂದರು. ಇನ್ನೊಂದು ಮಾದರಿಯಿಂದ ಅದು ಸ್ಪಷ್ಟವಾಯಿತು. ಜುಲೈನಲ್ಲಿ ಪ್ರಬಂಧವನ್ನು ಹಿಂದಕ್ಕೆ ಪಡೆದರು. ಆ ಪ್ರಬಂಧ ತಪ್ಪು ಎಂದು ಬರೆದವರೂ ಅದನ್ನು ಉಲ್ಲೇಖಿಸಲೇಬೇಕು. ಎಣಿಕೆಯಲ್ಲಿ ಅವೂ ಸೇರುತ್ತವೆ. ಹಾಗಾಗಿ ಉಲ್ಲೇಖ ಹೆಚ್ಚು ಅಂದರೆ ಗಮನ ಸೆಳೆದಿದೆ ಎಂದು ಹೇಳಬಹುದು, ಅಷ್ಟೇ. ಯಾಕೆ ಸೆಳೆಯಿತು ಅನ್ನುವುದನ್ನು ಓದಿಯೇ ತಿಳಿಯಬೇಕು.

ಯಾರ ಹೆಸರಿಗೆ ಉಲ್ಲೇಖ ಹೋಗುತ್ತದೆ ಎಂಬುದೂ ಸರಳ ವಿಷಯವಲ್ಲ. ಗಿಡಗಳ ಗುಣಲಕ್ಷಣಗಳ ಜಾಗತಿಕ ದತ್ತಾಂಶವಾದ 'ಟ್ರೈ' ಕುರಿತು 2011ರಲ್ಲಿ ಬಂದ ಪ್ರಬಂಧಕ್ಕೆ ನೂರಕ್ಕೂ ಹೆಚ್ಚು ಲೇಖಕರು. ದತ್ತಾಂಶ ಕೊಟ್ಟವರನ್ನು ಲೇಖಕರನ್ನಾಗಿ ಮಾಡಿದ್ದು ನ್ಯಾಯವೇ. ಆದರೆ ಅಲ್ಲಿ ಒಬ್ಬೊಬ್ಬರ ಪುಟದಲ್ಲೂ ಅಷ್ಟೂ ಉಲ್ಲೇಖಗಳು ಪೂರ್ತಿಯಾಗಿ ಸೇರುತ್ತವೆ. ಒಬ್ಬಂಟಿಯಾಗಿ ಆಮೆಗಳ ಪಳೆಯುಳಿಕೆಯ ಮೇಲೆ ಕೂತವರನ್ನು ಇವರ ಪಕ್ಕ ನಿಲ್ಲಿಸಿ ಎತ್ತರ ನೋಡುವುದು ಅನ್ಯಾಯ.

ಪಳೆಯುಳಿಕೆ ವಿಜ್ಞಾನದಲ್ಲಿ ದೇಶ ದೇಶಗಳ ನಡುವಿನ ಅಂತರ ಇನ್ನೂ ದೊಡ್ಡದು. ನುಸೈಬಾ ರಾಜಾ, ಎಮ್ಮಾ ಡನ್ ಮತ್ತು ಸಂಗಡಿಗರು ಪೇಲಿಯೊಬಯಾಲಜಿ ಡೇಟಾಬೇಸ್‌ನ ಮೂರು ದಶಕಗಳ ದಾಖಲೆಗಳನ್ನು ಪರಿಶೀಲಿಸಿದರು. ಅದರಲ್ಲಿನ ಪಳೆಯುಳಿಕೆ ದತ್ತಾಂಶದ ಶೇ 97ರಷ್ಟು ಬಂದಿರುವುದು ಹೆಚ್ಚಿನ ಮತ್ತು ಮೇಲ್ಮಧ್ಯಮ ಆದಾಯದ ದೇಶಗಳ ಸಂಶೋಧಕರಿಂದ. ಪಳೆಯುಳಿಕೆ ಬಡ ದೇಶದ ನೆಲದಲ್ಲಿ ಸಿಕ್ಕರೂ ಪ್ರಬಂಧ, ಹೆಸರು, ಉಲ್ಲೇಖ ಬೇರೆ ಕಡೆ ಸೇರುತ್ತವೆ. ಬ್ರೆಜಿಲ್‌ನಿಂದ ಜರ್ಮನಿಗೆ ಹೋಗಿದ್ದ ಉಬಿರಜಾರಾ ಎಂಬ ಡೈನೋಸಾರ್‌ನ ಪ್ರಬಂಧ 2020ರಲ್ಲಿ ಬಂದಾಗ ಬ್ರೆಜಿಲ್‌ನ ವಿಜ್ಞಾನಿಗಳು ಸಿಟ್ಟಿಗೆದ್ದರು. ಪ್ರಬಂಧ ವಾಪಸಾಯಿತು, 2023ರಲ್ಲಿ ಪಳೆಯುಳಿಕೆಯೂ ತವರಿಗೆ ಮರಳಿತು. ಎಚ್-ಇಂಡೆಕ್ಸ್ ಎಂಬ ಒಂದು ಅಂಕಿಯಲ್ಲಿ ಈ ಚರಿತ್ರೆ ಎಲ್ಲಿ ಕಾಣಬೇಕು?

ಅಂಕಿಗೆ ಸಿಗದ ಪ್ರಭಾವವೂ ಇದೆ. 2000ದಲ್ಲಿ ಮಿಹಾಲ್ ಕೊವಲೆವ್ಸ್ಕಿ, ಕಾರ್ಲ್ ಫ್ಲೆಸಾ ಮತ್ತು ಸಂಗಡಿಗರು ಕೊಲರಾಡೊ ನದಿ ಸಮುದ್ರ ಸೇರುವ ಜಾಗದಲ್ಲಿ ರಾಶಿ ಬಿದ್ದಿದ್ದ ಚಿಪ್ಪುಗಳ ಲೆಕ್ಕ ಹಾಕಿದರು. ಸುಮಾರು 2 ಲಕ್ಷ ಕೋಟಿ ಚಿಪ್ಪುಗಳು! ಅಣೆಕಟ್ಟುಗಳು ಬಂದ ಮೇಲೆ ನದಿಯ ನೀರು ಅಲ್ಲಿಗೆ ತಲುಪುವುದು ಹೆಚ್ಚುಕಡಿಮೆ ನಿಂತುಹೋಗಿತ್ತು. ನದಿ ಸಹಜವಾಗಿ ಹರಿಯುತ್ತಿದ್ದ ಕಾಲದಲ್ಲಿ ಅಲ್ಲಿ ಚದರ ಮೀಟರ್‌ಗೆ ಸರಾಸರಿ 50 ಚಿಪ್ಪುಜೀವಿಗಳು ಬದುಕಿದ್ದವು, ಈಗ ಸುಮಾರು 3 ಎಂದು ಚಿಪ್ಪುಗಳ ರಾಶಿಯಿಂದ ಲೆಕ್ಕ ಸಿಕ್ಕಿತು. ಅಣೆಕಟ್ಟಿಗೆ ಮೊದಲು ಅಲ್ಲಿ ಯಾವ ಪರಿಸರ ವಿಜ್ಞಾನಿಯೂ ಕೂತು ಎಣಿಸಿರಲಿಲ್ಲ. ಸತ್ತ ಚಿಪ್ಪುಗಳೇ ಆ ದಾಖಲೆ. ಪಳೆಯುಳಿಕೆ ವಿಜ್ಞಾನದ ವಿಧಾನವನ್ನು ಇವತ್ತಿನ ಸಂರಕ್ಷಣೆಗೆ ತರುವ ಇಂಥ ಕೆಲಸ ಈಗ ಒಂದು ಕ್ಷೇತ್ರವಾಗಿಯೇ ಬೆಳೆದಿದೆ. ಹಾಳಾದ ಜಾಗವನ್ನು ಸರಿಪಡಿಸಬೇಕು ಅಂದಾಗ 'ಯಾವ ಸ್ಥಿತಿಗೆ ಸರಿಪಡಿಸಬೇಕು' ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಇವರು. ಅಂಥ ಉತ್ತರ ಸರ್ಕಾರದ ಕಡತಕ್ಕೆ, ನೀರಿನ ಒಪ್ಪಂದದ ಮೇಜಿಗೆ ಹೋದರೆ ಅದು ಉಲ್ಲೇಖವಾಗಿ ಎಣಿಕೆಗೆ ಬರುವುದಿಲ್ಲ.

ಏನು ಬದಲಾಗುತ್ತಿದೆ

ಇದನ್ನೆಲ್ಲ ಒಪ್ಪಿಕೊಳ್ಳುವವರು ಹೆಚ್ಚಾಗುತ್ತಿದ್ದಾರೆ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರೂಪುಗೊಂಡ ಡೋರಾ ಘೋಷಣೆ, ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ವಿಜ್ಞಾನಿಯನ್ನು ತೂಗಬೇಡಿ ಎಂದು ಕೇಳಿತು. 2015ರ ಲೈಡನ್ ಪ್ರಣಾಳಿಕೆ, ಕ್ಷೇತ್ರ ಕ್ಷೇತ್ರಗಳ ನಡುವಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದಿತು. ಪ್ಯಾರಿಸ್‌ನ ಸೊರ್ಬಾನ್ ವಿಶ್ವವಿದ್ಯಾಲಯ 2024ರಿಂದ ಕ್ಲಾರಿವೇಟ್‌ನ ಉಲ್ಲೇಖಸೂಚಿಯಾದ ವೆಬ್ ಆಫ್ ಸೈನ್ಸ್‌ನ ಚಂದಾ ನಿಲ್ಲಿಸಿ, ಎಲ್ಲರಿಗೂ ತೆರೆದಿರುವ ಓಪನ್‌ಅಲೆಕ್ಸ್ ಎಂಬ ಸೂಚಿಯ ಕಡೆ ತಿರುಗಿತು. ಕ್ಲಾರಿವೇಟ್ ಸ್ವತಃ 2023ರಲ್ಲಿ ತನ್ನ ಪಟ್ಟಿಯಿಂದ ಗಣಿತವನ್ನು ಕೈಬಿಟ್ಟಿತು. ಗಣಿತದಂಥ ಚಿಕ್ಕ ಕ್ಷೇತ್ರದಲ್ಲಿ ಉಲ್ಲೇಖಗಳನ್ನು ತಿರುಚುವುದು ಸುಲಭ ಎಂಬುದು ಅದರ ಹಿಂದಿನ ಕಾರಣ. ಪಳೆಯುಳಿಕೆ ವಿಜ್ಞಾನವೂ ಚಿಕ್ಕ ಕ್ಷೇತ್ರವೇ.

ಜಾನ್ ಇಯೊನಿಡಿಸ್ ತಂಡದ ಪಟ್ಟಿಯೂ ಈಗ ಬಹಳ ಚಾಲ್ತಿಯಲ್ಲಿದೆ. 'ಜಗತ್ತಿನ ಅಗ್ರ ಶೇ 2ರ ವಿಜ್ಞಾನಿಗಳು' ಎಂದು ಸುದ್ದಿಯಾಗುತ್ತದಲ್ಲ, ಅದೇ. ಅದರಲ್ಲಿ ಉಪಕ್ಷೇತ್ರಗಳನ್ನು ಬೇರೆ ಮಾಡಿದ್ದಾರೆ, ಪಳೆಯುಳಿಕೆ ವಿಜ್ಞಾನಿಯನ್ನು ಪಳೆಯುಳಿಕೆ ವಿಜ್ಞಾನಿಗಳ ಜೊತೆಗೇ ಹೋಲಿಸುತ್ತಾರೆ, ಸ್ವಂತ ಉಲ್ಲೇಖಗಳನ್ನು ಬಿಟ್ಟು ಲೆಕ್ಕ ಹಾಕಿದ್ದನ್ನೂ ಕೊಡುತ್ತಾರೆ. ಒಂದೇ ಎಚ್-ಇಂಡೆಕ್ಸ್‌ಗಿಂತ ಇದು ಎಷ್ಟೋ ವಾಸಿ. ಆದರೂ ಎರಡು ಕ್ಷೇತ್ರದಲ್ಲಿ ಕಾಲಿಟ್ಟವರನ್ನು ಅದು ಹೆಚ್ಚು ಪ್ರಬಂಧ ಇರುವ ಒಂದು ಕಡೆಗೆ ತಳ್ಳುತ್ತದೆ. ಪೂರಕ ಕಡತದ ಮೂಲಗಳು ಅಲ್ಲೂ ಲೆಕ್ಕಕ್ಕಿಲ್ಲ.

ನನಗೆ ಹೆಚ್ಚು ಭರವಸೆ ಕೊಡುವುದು ಘೋಷಣೆಗಳಿಗಿಂತ ಒಂದು ಸಣ್ಣ ತಾಂತ್ರಿಕ ಬದಲಾವಣೆ. ಜೀವಿಗಳ ಜಾಗತಿಕ ದಾಖಲೆಗಳನ್ನು ಒಟ್ಟುಗೂಡಿಸುವ ಜಿಬಿಐಎಫ್‌ನಲ್ಲಿ ನೀವು ಯಾವುದೇ ದತ್ತಾಂಶ ಇಳಿಸಿಕೊಂಡರೂ ಆ ಇಳಿಕೆಗೆ ಡಿಒಐ ಎಂಬ ಒಂದು ಶಾಶ್ವತ ಗುರುತಿನ ಸಂಖ್ಯೆ ಸಿಗುತ್ತದೆ. ಪ್ರಬಂಧದಲ್ಲಿ ಆ ಸಂಖ್ಯೆ ಬರೆದರೆ, ಅದರೊಳಗೆ ಸೇರಿದ್ದ ಮ್ಯೂಸಿಯಂ ಸಂಗ್ರಹಗಳು ಯಾವುವು ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗಬಹುದು. ಒಂದು ಚಿಕ್ಕ ಮ್ಯೂಸಿಯಂ ತನ್ನ ಸಂಗ್ರಹ ಎಷ್ಟು ಸಂಶೋಧನೆಗಳಲ್ಲಿ ಬಳಕೆಯಾಯಿತು ಎಂದು ಆಧಾರ ಸಮೇತ ತೋರಿಸಬಹುದು. ಪಳೆಯುಳಿಕೆಯ ದತ್ತಾಂಶಕ್ಕೂ ಇದು ಪೂರ್ತಿಯಾಗಿ ಬರಬೇಕು. ಜರ್ನಲ್‌ಗಳು ಪೂರಕ ಕಡತದ ಗ್ರಂಥಸೂಚಿಯನ್ನು ಯಂತ್ರ ಓದುವ ರೂಪದಲ್ಲಿ ಕಳಿಸಬೇಕು, ಎಣಿಸುವವರು ಅದನ್ನು ಎಣಿಸಬೇಕು. ತಂತ್ರಜ್ಞಾನದ ದೃಷ್ಟಿಯಿಂದ ಇದು ಕಷ್ಟದ ಕೆಲಸವಲ್ಲ.

ಅಲ್ಲಿಯವರೆಗೆ, ಈ ಎರಡು ಕ್ಷೇತ್ರಗಳ ವಿಜ್ಞಾನಿಯೊಬ್ಬರ ಅಂಕಿ ನಿಮ್ಮ ಮುಂದೆ ಬಂದರೆ ಕೆಲವು ಪ್ರಶ್ನೆ ಕೇಳಿ. ಅತಿ ಹೆಚ್ಚು ಉಲ್ಲೇಖ ಬಂದ ಪ್ರಬಂಧ ಸಾಧನದ್ದೇ, ಸಮೀಕ್ಷೆಯೇ, ಹೊಸ ಕಾಣ್ಕೆಯೇ? ಅದರಲ್ಲಿ ಲೇಖಕರು ಎಷ್ಟು ಜನ, ಇವರು ಮಾಡಿದ್ದೇನು? ಹತ್ತು ವರ್ಷ ಹಳೆಯ ಪ್ರಬಂಧಗಳಿಗೆ ಈಗಲೂ ಉಲ್ಲೇಖ ಬರುತ್ತಿದೆಯೇ? ಇವರು ವಿವರಿಸಿದ ಪ್ರಭೇದಗಳು, ಮ್ಯೂಸಿಯಂಗೆ ಸೇರಿಸಿದ ಮಾದರಿಗಳು, ಡೇಟಾಬೇಸ್‌ಗೆ ಕೊಟ್ಟ ದಾಖಲೆಗಳು ಎಷ್ಟು, ಅವನ್ನು ಯಾರು ಬಳಸುತ್ತಿದ್ದಾರೆ? ಆಮೇಲೆ ಅವರ ಎರಡು ಪ್ರಬಂಧಗಳನ್ನು ಕೈಗೆತ್ತಿಕೊಳ್ಳಿ: ಉಲ್ಲೇಖ ಜಾಸ್ತಿ ಇರುವುದು ಒಂದು, ಅವರೇ ತಮ್ಮ ಒಳ್ಳೆಯ ಕೆಲಸ ಎಂದು ತೋರಿಸುವುದು ಇನ್ನೊಂದು.